ಪಣಕ್ಕಿಟ್ಟ ಪೈಲ್ವಾನ

ಕೊರಳಿಗೆ ಮಾಲೆ, ಕೊಂಬಿಗೆ ಬಣ್ಣ, ಹೆಸರಿಗೆ ಜೈಕಾರ! ಕೃಷ್ಣಾ–ಘಟಪ್ರಭಾ ಸೀಮೆಯ ಜಾತ್ರೆಗಳಲ್ಲಿ ಕಾಳಗದ ಟಗರೇ ಸೂಪರ್‌ಹೀರೊ. ಆದರೆ ಯಾರ ದುಡ್ಡಿಗಾಗಿ ತಲೆ ಒಡ್ಡುತ್ತಿದ್ದೇನೆ ಎಂಬುದು ಗೊತ್ತಿಲ್ಲದ ಹೀರೊ ಅದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಯ ಕಣಗಳಲ್ಲಿ ಗೆಲ್ಲುವವರು ಯಾರು, ಸೋಲುವವರು ಯಾರು?

ಕಬ್ಬು ಕಡಿದು ಖಾಲಿಯಾದ ಹೊಲ. ನಾಲ್ಕೂ ಕಡೆ ಗಳ ನೆಟ್ಟು ಹಗ್ಗ ಬಿಗಿದಿದ್ದಾರೆ. ಹಗ್ಗದಾಚೆ ಕಾಲೂರಲು ಜಾಗವಿಲ್ಲ. ಟ್ರ್ಯಾಕ್ಟರ್ ಟ್ರೇಲರ್ ತುಂಬಿ, ಬೇವಿನ ಮರದ ಟೊಂಗೆ ತುಂಬಿ, ಈಗ ಪಕ್ಕದ ಮನೆಯ ಮಾಳಿಗೆಯೂ ತುಂಬಿದೆ. ಹಲಗಿಯ ಸದ್ದು ಏರುತ್ತಿದೆ. ಗಾಳಿಯಲ್ಲಿ ಭಂಡಾರ.

“ಏ, ಹಿಂದ ಸರೀರಿ... ಹಗ್ಗ ಬಿಡ್ರಿ... ಸಣ್ಣ ಹುಡುಗೂರನ್ನ ಹೊರಗ ಕರ್ಕೋರಿ!” ಮೈಕಿನ ದನಿ ಕೂಗುತ್ತದೆ. ಆ ಕೂಗಿನ ಬೆನ್ನಿಗೇ ಟಗರು ಬರುತ್ತದೆ.

ಬರುವುದೇನು, ಮೆರವಣಿಗೆಯೇ ಬರುತ್ತದೆ. ಹಗ್ಗ ಹಿಡಿದವರು ಇಬ್ಬರು, ಬೆನ್ನು ಚಪ್ಪರಿಸುವವರು ನಾಲ್ವರು, ಮೊಬೈಲ್ ಎತ್ತಿ ಹಿಡಿದವರು ಲೆಕ್ಕವಿಲ್ಲದಷ್ಟು. ಸುರುಳಿ ಸುತ್ತಿದ ಕೊಂಬು, ಎಣ್ಣೆ ಹಚ್ಚಿದ ಮೈ, ಹಣೆಯ ಮೇಲೆ ಕುಂಕುಮ. ಹೆಸರು ಕೂಗಿದ ಕೂಡಲೇ ಹುಡುಗರು ಸಿಳ್ಳೆ ಹೊಡೆಯುತ್ತಾರೆ. ಸಿನಿಮಾ ನಾಯಕನ ಹೆಸರು, ಪುರಾಣದ ವೀರನ ಹೆಸರು, ಬೆಂಕಿಯದೋ ಸಿಡಿಲಿನದೋ ಹೆಸರು. ಕುರಿಮರಿಯಾಗಿ ಹುಟ್ಟಿದ ಜೀವಕ್ಕೆ ಅಷ್ಟು ದೊಡ್ಡ ಹೆಸರಿನ ಅಂಗಿ ತೊಡಿಸಿದ್ದಾರೆ.

ಎರಡೂ ಟಗರು ಹಿಂದಕ್ಕೆ ಸರಿಯುತ್ತವೆ. ಒಂದು ಗಳಿಗೆ ಮೌನ. ಆಮೇಲೆ ಓಟ, ಮುಂಗಾಲಿನ ನೆಗೆತ, ತಲೆಗೆ ತಲೆ. ಆ ಸದ್ದು ಕೇಳುವ ಮೊದಲೇ ಎದೆಗೆ ತಟ್ಟುತ್ತದೆ.

ಮತ್ತೆ ಹಿಂದಕ್ಕೆ. ಮತ್ತೆ ಗುದ್ದು. ಎಣಿಸುವವರು ಎಣಿಸುತ್ತಲೇ ಇರುತ್ತಾರೆ. ಕೊನೆಗೊಂದು ಟಗರು ಎಷ್ಟು ಹುರಿದುಂಬಿಸಿದರೂ ನಿಲ್ಲದೆ ಮುಖ ತಿರುಗಿಸಿ ಹೆಜ್ಜೆ ಹಿಂದಿಡುತ್ತದೆ. ಅಲ್ಲಿಗೆ ಕಾಳಗ ಮುಗಿಯಿತು. ಗೆದ್ದ ಟಗರನ್ನು ಹೆಗಲಿಗೇರಿಸಲು ಜನ ನುಗ್ಗುತ್ತಾರೆ. ಬಹುಮಾನದ ಬೈಕು ಪೆಂಡಾಲಿನ ಮುಂದೆ ಹೊಳೆಯುತ್ತಿರುತ್ತದೆ.

ಎಲ್ಲರ ಕಣ್ಣೂ ಕಣದ ಮೇಲಿರುವ ಆ ಹೊತ್ತಿನಲ್ಲಿ ಗುಂಪಿನ ಹಿಂಬದಿಯಲ್ಲಿ ಇನ್ನೊಂದು ವ್ಯವಹಾರ ಮುಗಿಯುತ್ತದೆ. ಮಡಚಿದ ನೋಟುಗಳು ಕೈ ಬದಲಿಸುತ್ತವೆ. ಫೋನುಗಳು ರಿಂಗಾಗುತ್ತವೆ. ಗುದ್ದಿದ್ದು ಟಗರು, ಗಳಿಸಿದ್ದು ಬೇರೆಯವರು.

ಹಲ್ಕ್‌ನಿಗೆ ಗೊತ್ತಿದ್ದಷ್ಟೂ ಗೊತ್ತಿಲ್ಲ

ಸೂಪರ್‌ಹೀರೊ ಕತೆಗಳಲ್ಲಿ ಇದು ಹಳೆಯ ವಸ್ತು. ಅಮೆರಿಕದ ಮಾರ್ವೆಲ್ ಸಂಸ್ಥೆ 1982ರಲ್ಲಿ ತಂದ ‘ಕಾಂಟೆಸ್ಟ್ ಆಫ್ ಚಾಂಪಿಯನ್ಸ್’ ಕಾಮಿಕ್ಸ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಎಂಬ ಆಟಗುಳಿ ಲೋಕದ ಮಹಾವೀರರನ್ನೆಲ್ಲ ಎತ್ತಿ ತಂದು ತನ್ನ ಪಂದ್ಯದ ದಾಳಗಳನ್ನಾಗಿಸುತ್ತಾನೆ. 2017ರ ‘ಥಾರ್: ರಾಗ್ನರಾಕ್’ ಸಿನಿಮಾದಲ್ಲಿ ಅದೇ ಗ್ರ್ಯಾಂಡ್‌ಮಾಸ್ಟರ್‌ನ ಕಣದಲ್ಲಿ ಹಲ್ಕ್ ಗುದ್ದಾಡುತ್ತಾನೆ. ಜನ ಹುಚ್ಚೆದ್ದು ಕುಣಿಯುತ್ತಾರೆ. ಬಲಭೀಮನಂಥ ಹಲ್ಕ್ ತಾನೇ ರಾಜ ಅಂದುಕೊಂಡಿರುತ್ತಾನೆ. ಆದರೆ ಅವನು ಆ ಊರಿನ ಸೆರೆಯಾಳು.

ಆದರೂ ಹಲ್ಕ್‌ಗೆ ಮಾತು ಬರುತ್ತದೆ. ಥಾರ್ ಎಂಬ ಗೆಳೆಯ ಬಂದು ಸತ್ಯ ಹೇಳುತ್ತಾನೆ, ಅವನು ಹೊರಗೆ ಬರುತ್ತಾನೆ. ನಮ್ಮ ಜಾತ್ರೆಯ ಹೀರೊಗೆ ಅಂಥ ಗೆಳೆಯರಿಲ್ಲ. ಹೇಳಿದರೂ ಅದಕ್ಕೆ ಅರ್ಥವಾಗುವುದಿಲ್ಲ. ಹಾಗಾಗಿ ಹೇಳಬೇಕಾಗಿರುವುದು ಅದಕ್ಕಲ್ಲ, ನಮಗೆ.

ಹೀರೊ ತಯಾರಾಗುವ ಬಗೆ

2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿರುವ ಕುರಿಗಳು ಸುಮಾರು 1.11 ಕೋಟಿ. ತೆಲಂಗಾಣ, ಆಂಧ್ರಪ್ರದೇಶ ಬಿಟ್ಟರೆ ದೇಶದಲ್ಲಿ ನಮ್ಮದೇ ದೊಡ್ಡ ಹಿಂಡು. ಕಂಬಳಿಗೆ ಕರಿ ಉಣ್ಣೆ ಕೊಡುವ ಡೆಕ್ಕನಿ, ಬಾಗಲಕೋಟೆ ಸೀಮೆಯ ಯಳಗ, ಕೊಪ್ಪಳ–ರಾಯಚೂರು ಕಡೆಯ ಕೆಂಗುರಿ, ಹೀಗೆ ಬಯಲುಸೀಮೆ ಬದುಕನ್ನು ಹೊತ್ತು ನಿಂತ ತಳಿಗಳಿವು. ಅಮೀನಗಡದ ಸಂತೆಗೆ ಒಮ್ಮೆ ಹೋದವರಿಗೆ ಇಲ್ಲಿನ ಕುರಿ ವ್ಯಾಪಾರದ ಗಾತ್ರ ತಾನಾಗಿ ತಿಳಿಯುತ್ತದೆ.

ಇಂಥ ಹಿಂಡಿನಲ್ಲಿ ಒಂದು ಮರಿ ಬೇರೆಯಾಗಿ ಕಾಣುತ್ತದೆ. ಅಗಲ ಹಣೆ, ದಪ್ಪ ಕತ್ತು, ಎದುರಿಗೆ ಬಂದದ್ದಕ್ಕೆ ತಲೆ ಕೊಡುವ ಸ್ವಭಾವ. ಅನುಭವಿ ಕುರಿಗಾರನಿಗೆ ಅಷ್ಟು ಸಾಕು. ಅಲ್ಲಿಂದ ಆ ಮರಿಯ ಬದುಕು ಹಿಂಡಿನ ಬದುಕಲ್ಲ.

ಕಾಳು, ಮೆಕ್ಕೆಜೋಳ, ಹಿಂಡಿ, ಹಾಲು, ಮೊಟ್ಟೆ ಎಂದು ಮನೆಮಂದಿಯ ಪಾಲಿಗೂ ಸಿಗದ ತಿನಿಸು ಅದಕ್ಕೆ ಮೀಸಲು. ಬೆಳಗಿನ ಜಾವ ಓಟ, ಹೊಳೆಯಲ್ಲಿ ಈಜು, ಮೈಗೆ ಎಣ್ಣೆ ತಿಕ್ಕುವುದು. ಸಾಕುವವನು ಅದರ ಪಕ್ಕದಲ್ಲೇ ಮಲಗುತ್ತಾನೆ. ಜ್ವರ ಬಂದರೆ ನಿದ್ದೆ ಬಿಡುತ್ತಾನೆ. ಈ ಪ್ರೀತಿ ಸುಳ್ಳಲ್ಲ. ಟಗರು ಕಾಳಗದ ಬಗ್ಗೆ ಬರೆಯುವವರು ಇದನ್ನು ಕಾಣದೆ ಹೋದರೆ ಅವರು ಅರ್ಧವನ್ನಷ್ಟೇ ಕಂಡಂತೆ.

ಆ ಪ್ರೀತಿಯ ಬೆನ್ನ ಮೇಲೆಯೇ ಬೆಲೆ ಹತ್ತಿ ಕೂರುತ್ತದೆ. ನಾಲ್ಕು ಕಣ ಗೆದ್ದ ಟಗರಿಗೆ ಲಕ್ಷಗಟ್ಟಲೆ ಬೆಲೆ ಬಂದ ಸುದ್ದಿ ಈ ಭಾಗದಲ್ಲಿ ಹೊಸದಲ್ಲ. ಟಗರಿನ ಮೇಲೆ ಹಾಡು ಕಟ್ಟುತ್ತಾರೆ, ವಿಡಿಯೊಗಳು ಹರಿದಾಡುತ್ತವೆ. ಸೂರಿ ನಿರ್ದೇಶನದಲ್ಲಿ ಶಿವರಾಜ್‌ಕುಮಾರ್ ನಟಿಸಿದ ‘ಟಗರು’ 2018ರಲ್ಲಿ ತೆರೆಗೆ ಬಂದ ಮೇಲಂತೂ ಗುದ್ದುವ ಟಗರು ನಾಡಿಗೆಲ್ಲ ಗಂಡೆದೆಯ ಗುರುತಾಯಿತು.

■ ಹಲ್ಲೇ ಜಾತಕ
ಕುಸ್ತಿಯಲ್ಲಿ ತೂಕ ನೋಡಿ ಜೋಡಿ ಹಾಕಿದರೆ ಟಗರಿನ ಕಣದಲ್ಲಿ ಹಲ್ಲು ನೋಡಿ ಜೋಡಿ ಹಾಕುತ್ತಾರೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು ಎಂಬ ವಿಭಾಗಗಳಿರುತ್ತವೆ. ಕುರಿಗೆ ಮುಂದಿನ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ. ಒಂದು–ಒಂದೂವರೆ ವರ್ಷಕ್ಕೆ ಹಾಲುಹಲ್ಲಿನ ಮೊದಲ ಜೋಡಿ ಬಿದ್ದು ಶಾಶ್ವತ ಹಲ್ಲು ಬರುತ್ತದೆ. ಆಮೇಲೆ ಹೆಚ್ಚುಕಡಿಮೆ ವರ್ಷಕ್ಕೊಂದು ಜೋಡಿ. ನಾಲ್ಕು ವರ್ಷದ ಹೊತ್ತಿಗೆ ಎಂಟೂ ಹಲ್ಲು ತುಂಬಿ ‘ಬಾಯಿ ಕೂಡುತ್ತದೆ’. ಹಾಲುಹಲ್ಲಿನ ವಿಭಾಗವೆಂದರೆ ಇನ್ನೂ ಮರಿತನ ಕಳೆಯದ ಜೀವಗಳ ಕಾಳಗ.

ಬಾಜಿಯ ಲೆಕ್ಕ

ಎಲ್ಲ ಕಣದಲ್ಲೂ ಜೂಜು ಇದೆ ಎನ್ನುವುದು ಅನ್ಯಾಯದ ಮಾತು. ಊರದೇವರ ಹೆಸರಿನಲ್ಲಿ, ಊರವರ ವಂತಿಗೆಯಲ್ಲಿ, ಬರೀ ಹಮ್ಮಿಗಾಗಿ ಟಗರು ಬಿಡುವವರು ಇದ್ದಾರೆ. ಆದರೆ ಬಹುಮಾನದ ಮೊತ್ತ ಏರಿದ ಹಾಗೆ, ಅಕ್ಕಪಕ್ಕದ ಜಿಲ್ಲೆಗಳಿಂದ ವಾಹನಗಳಲ್ಲಿ ಟಗರು ಬಂದಿಳಿದ ಹಾಗೆ, ಬಾಜಿ ಕಟ್ಟುವವರೂ ಬಂದಿಳಿಯುತ್ತಾರೆ.

ಬಾಜಿಯ ವಿಧಾನ ಸರಳ. ಜೋಡಿ ಗೊತ್ತಾದೊಡನೆ ಯಾವ ಟಗರಿಗೆ ಎಷ್ಟಕ್ಕೆ ಎಷ್ಟು ಎಂಬುದು ಬಾಯಿಂದ ಬಾಯಿಗೆ ಹರಡುತ್ತದೆ. ಕಾಗದವಿಲ್ಲ, ಸಹಿಯಿಲ್ಲ, ಗುರುತಿನವನ ಜಾಮೀನೇ ಆಧಾರ. ಮಾಲೀಕರಿಬ್ಬರ ನಡುವಿನ ಬಾಜಿ ಒಂದು, ಸುತ್ತ ನಿಂತವರ ಬಾಜಿ ಇನ್ನೊಂದು. ಕಣಕ್ಕೆ ಬಾರದೆಯೇ ಫೋನಿನಲ್ಲಿ ಹಣ ಕಟ್ಟುವವರದು ಮತ್ತೊಂದು.

ಈ ಸೀಮೆಯಲ್ಲಿ ದುಡ್ಡಿದೆ. ಕೃಷ್ಣಾ, ಘಟಪ್ರಭಾ ನೀರು ಕಬ್ಬಾಗಿ, ಕಬ್ಬು ಸಕ್ಕರೆಯಾಗಿ, ಬೆಲ್ಲವಾಗಿ ಹರಿಯುವ ನಾಡು ಇದು. ಮಹಾಲಿಂಗಪುರದ ಬೆಲ್ಲದ ಪೇಟೆ, ರಬಕವಿ–ಬನಹಟ್ಟಿಯ ಮಗ್ಗ, ಮುಧೋಳ–ಜಮಖಂಡಿ–ಬೀಳಗಿಯ ಸಕ್ಕರೆ ಕಾರ್ಖಾನೆಗಳು. ದುಡಿದವರ ಕೈಯಲ್ಲಿ ನಾಲ್ಕು ಕಾಸು ಆಡುವುದು ಊರಿಗೆ ಒಳ್ಳೆಯದೇ. ಆದರೆ ಜೂಜಿನ ಕಣದಲ್ಲಿ ಎಲ್ಲರ ಕಾಸೂ ಒಂದೇ ತೂಕದ್ದಲ್ಲ. ಉಳ್ಳವನಿಗೆ ಸೋಲೆಂದರೆ ಒಂದು ಸಂಜೆಯ ಬೇಸರ. ಮಗ್ಗದ ಕೂಲಿಯನ್ನೋ ಕಬ್ಬು ಕಡಿದ ಪಗಾರವನ್ನೋ ಕಟ್ಟಿದವನಿಗೆ ಅದು ಮನೆಯ ಒಲೆಯ ಪ್ರಶ್ನೆ.

ಹೀಗೆ ನೋಡಿದರೆ ಕಣದಲ್ಲಿ ಅರಿಯದೆ ಸಿಕ್ಕಿಬಿದ್ದವರು ಇಬ್ಬರು. ಒಂದು ಟಗರು. ಇನ್ನೊಬ್ಬ ಅದನ್ನು ಮಗನಂತೆ ಸಾಕಿದ ಬಡ ಕುರಿಗಾರ. ಟಗರು ಗೆಲ್ಲುವವರೆಗೆ ಅವನಿಗೂ ಮಾಲೆ; ಅದು ಕತ್ತು ಮುರಿದುಕೊಂಡ ದಿನ ಅವನ ಪಾಲಿಗೆ ಯಾವ ಬಾಜಿದಾರನೂ ನಿಲ್ಲುವುದಿಲ್ಲ.

ಭೀಮನೂ ಪಣವಾಗಿದ್ದ

ಮುಧೋಳ ರನ್ನನ ಊರು. ಬಳೆಗಾರರ ಮನೆಯಲ್ಲಿ 949ರಲ್ಲಿ ಹುಟ್ಟಿ, ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿಕೊಂಡವನು. ‘ಸಾಹಸಭೀಮ ವಿಜಯ’ ಎಂಬ ಇನ್ನೊಂದು ಹೆಸರಿನ ಅವನ ‘ಗದಾಯುದ್ಧ’ದಲ್ಲಿ ಇಡೀ ಭಾರತವೇ ಇಬ್ಬರ ಕಾಳಗವಾಗಿ ಹರಳುಗಟ್ಟುತ್ತದೆ. ಆಚೆಗೆ ದುರ್ಯೋಧನ, ಈಚೆಗೆ ಭೀಮ.

ಇಬ್ಬರಿಗೂ ತಾವು ಯಾಕೆ ಹೊಡೆದಾಡುತ್ತಿದ್ದೇವೆಂದು ಚೆನ್ನಾಗಿ ಗೊತ್ತು. ಹಾಗಾಗಿಯೇ ಅದು ಕಾವ್ಯವಾಯಿತು. ಒಬ್ಬನಿಗೆ ಛಲ, ಇನ್ನೊಬ್ಬನಿಗೆ ಪ್ರತಿಜ್ಞೆ. ಸೋತವನನ್ನೂ ರನ್ನ ಮರುಗಿ ನೋಡುತ್ತಾನೆ.

ಆ ಪ್ರತಿಜ್ಞೆ ಹುಟ್ಟಿದ್ದು ಎಲ್ಲಿ? ಜೂಜಿನ ಸಭೆಯಲ್ಲಿ. ಧರ್ಮರಾಯ ನಕುಲನನ್ನು ಇಟ್ಟು ಸೋತ, ಸಹದೇವನನ್ನು ಇಟ್ಟು ಸೋತ, ಅರ್ಜುನನ ಬಳಿಕ ಭೀಮನನ್ನೂ ಪಣಕ್ಕಿಟ್ಟ. ಹತ್ತು ಸಾವಿರ ಆನೆಯ ಬಲದವನನ್ನು ಒಂದು ದಾಳದ ಉರುಳಿಗೆ ಕಟ್ಟಿದರು. ಅವನನ್ನು ಯಾರೂ ಕೇಳಲಿಲ್ಲ. ದ್ರೌಪದಿಯನ್ನು ಎಳೆತಂದಾಗ ಭೀಮ ಸಿಡಿದೆದ್ದು, ಜೂಜಾಡಿದ ಅಣ್ಣನ ಕೈಗಳನ್ನು ಸುಡುತ್ತೇನೆ, ಬೆಂಕಿ ತಾ ಎಂದು ಸಹದೇವನಿಗೆ ಹೇಳುತ್ತಾನೆ.

ಬಲಶಾಲಿಯೊಬ್ಬ ಪಣವಾದಾಗ ಏನಾಗುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಿಲ್ಲ. ಅವನ ಬಲ ಅವನದಾಗಿ ಉಳಿಯುವುದಿಲ್ಲ. ಭೀಮನಿಗೆ ಕನಿಷ್ಠ ಸಿಟ್ಟಾಗುವ ಹಕ್ಕಿತ್ತು. ಟಗರಿಗೆ ಅದೂ ಇಲ್ಲ.

ಇದೇ ಮಣ್ಣಿನ ಇನ್ನೊಂದು ನೆನಪು ಹಲಗಲಿ. ಆಗಿನ ಮುಧೋಳ ಸಂಸ್ಥಾನದ ಈ ಊರಿನ ಬೇಡರು 1857ರಲ್ಲಿ ಆಯುಧ ಒಪ್ಪಿಸಿ ಎಂಬ ಬ್ರಿಟಿಷರ ಆಜ್ಞೆಗೆ ಬಗ್ಗದೆ ಪ್ರಾಣ ಕೊಟ್ಟರು. ಲಾವಣಿಕಾರರು ಹಾಡಿದ ಆ ಕತೆಯನ್ನು ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಉಳಿಸಿದ. ಜಡಗ, ಬಾಲ ಎಂಬ ಆ ಬೇಡರು ವೀರರಾದದ್ದು ತೋಳಿನ ಬಲದಿಂದಷ್ಟೇ ಅಲ್ಲ, ಯಾಕಾಗಿ ಸಾಯುತ್ತಿದ್ದೇವೆಂಬ ಅರಿವಿನಿಂದ. ವೀರತನಕ್ಕೆ ಈ ಸೀಮೆ ಇಟ್ಟುಕೊಂಡ ಅಳತೆ ಅದು. ಅದೇ ಅಳತೆಯಲ್ಲಿ ನೋಡಿದರೆ ಟಗರನ್ನು ವೀರ ಎಂದು ಕರೆಯುವುದೇ ಅದಕ್ಕೆ ಮಾಡುವ ಮೋಸ.

■ ಅರಸರ ವಿನೋದ, ಶಾಸ್ತ್ರದ ಅಂಕುಶ
ಟಗರಿನ ಕಾಳಗ ಹೊಸ ಹುಚ್ಚಲ್ಲ. ವಾತ್ಸ್ಯಾಯನನ ‘ಕಾಮಸೂತ್ರ’ ಹೇಳುವ 64 ಕಲೆಗಳಲ್ಲಿ ಟಗರು, ಹುಂಜ, ಲಾವಕ್ಕಿಗಳನ್ನು ಕಾದಾಡಿಸುವುದೂ ಒಂದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮಲ್ಲಯುದ್ಧ, ಅಂಕಕಾರರ ದ್ವಂದ್ವ, ಟಗರು–ಕೋಣಗಳ ಕಾಳಗ ಬರುತ್ತವೆ. ಪ್ರಾಣಿಗಳ ಮೇಲೆ ಪಣ ಕಟ್ಟುವುದನ್ನು ಮನು ಮತ್ತು ಯಾಜ್ಞವಲ್ಕ್ಯ ಸ್ಮೃತಿಗಳು ದಾಳದ ಜೂಜಿನ ಪಕ್ಕದಲ್ಲೇ ಇಟ್ಟು ನೋಡುತ್ತವೆ. ಮನು ಎರಡನ್ನೂ ನಿಲ್ಲಿಸು ಎಂದು ಅರಸನಿಗೆ ಹೇಳುತ್ತಾನೆ. ಯಾಜ್ಞವಲ್ಕ್ಯ ಸ್ಮೃತಿಗೆ ಪ್ರಸಿದ್ಧ ‘ಮಿತಾಕ್ಷರ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ಕಲಬುರಗಿ ಜಿಲ್ಲೆಯ ಮರ್ತೂರಿನವನು.

ಕೊಂಬಿನ ಹಿಂದಿನ ಮಿದುಳು

“ಟಗರಿಗೆ ಗುದ್ದೋದು ದೇವರು ಕೊಟ್ಟ ಗುಣ. ಅದಕ್ಕ ಏನೂ ಆಗೂದಿಲ್ಲ.” ಕಣದ ಸುತ್ತ ಹೆಚ್ಚು ಕೇಳುವ ಮಾತು ಇದು. ಇದರ ಮೊದಲರ್ಧ ನಿಜ.

ಗುದ್ದಾಟ ಟಗರಿನ ಹುಟ್ಟುಗುಣ. ಬೆದೆಯ ಕಾಲದಲ್ಲಿ ಹಿಂಡಿನ ಯಜಮಾನ ಯಾರೆಂದು ತೀರ್ಮಾನಿಸಲು ಟಗರುಗಳು ತಲೆ ಕೊಡುತ್ತವೆ. ಉತ್ತರ ಅಮೆರಿಕದ ಬಿಗ್‌ಹಾರ್ನ್ ಕಾಡುಕುರಿಗಳು ಗಂಟೆಗೆ ಸುಮಾರು 30 ಕಿಲೊಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಯಬಲ್ಲವು. ಅದಕ್ಕೆ ತಕ್ಕ ಗಟ್ಟಿ ತಲೆಬುರುಡೆ, ಒಳಗೆ ಗಾಳಿಗೂಡುಗಳು, ದಪ್ಪ ಕತ್ತು ಪ್ರಕೃತಿ ಕೊಟ್ಟಿದೆ.

ಆದರೆ ಹಿಂಡಿನಲ್ಲಿ ಸೋತ ಟಗರಿಗೆ ಒಂದು ಸ್ವಾತಂತ್ರ್ಯವಿದೆ: ತಿರುಗಿ ನಡೆಯುವುದು. ಅಲ್ಲಿಗೆ ಜಗಳ ಮುಗಿಯುತ್ತದೆ. ಸೋತದ್ದು ಮೇಯಲು ಹೋಗುತ್ತದೆ. ಕಣದಲ್ಲಿ ಆ ದಾರಿಗೆ ಹಗ್ಗ ಬಿಗಿದಿರುತ್ತಾರೆ. ಅನುಮಾನಿಸಿ ನಿಂತ ಟಗರನ್ನು ಹುರಿದುಂಬಿಸಿ ಮತ್ತೆ ಎದುರು ನಿಲ್ಲಿಸುತ್ತಾರೆ. ಪ್ರಕೃತಿ ಇಟ್ಟ ಪೂರ್ಣವಿರಾಮವನ್ನು ಅಳಿಸಿ ಆಟ ಮುಂದುವರಿಸುವುದೇ ಕಾಳಗ.

ಇನ್ನು ‘ಏನೂ ಆಗುವುದಿಲ್ಲ’ ಎಂಬ ಮಾತು. ತಲೆಯಿಂದ ಗುದ್ದಾಡುವ ಕಾಡುಪ್ರಾಣಿಗಳ ಮಿದುಳನ್ನು ನ್ಯೂಯಾರ್ಕ್‌ನ ವಿಜ್ಞಾನಿಗಳು ಪರೀಕ್ಷಿಸಿ 2022ರಲ್ಲಿ ವರದಿ ಪ್ರಕಟಿಸಿದರು. ಆರ್ಕ್ಟಿಕ್ ಸೀಮೆಯ ಮಸ್ಕ್ ಆಕ್ಸ್ ಎಂಬ, ಕುರಿ–ಆಡುಗಳ ಹತ್ತಿರದ ಸಂಬಂಧಿ ಪ್ರಾಣಿಯ ಮಿದುಳಿನಲ್ಲಿ, ಪದೇ ಪದೇ ತಲೆಗೆ ಪೆಟ್ಟು ತಿನ್ನುವ ಕ್ರೀಡಾಪಟುಗಳಲ್ಲಿ ಕಾಣುವಂಥ ಹಾನಿಯ ಗುರುತುಗಳು ಸಿಕ್ಕವು. ಬಿಗ್‌ಹಾರ್ನ್ ಕುರಿಗಳಲ್ಲಿ ಅದು ಕಡಿಮೆ. ಆದರೆ ಗುದ್ದಲು ಹುಟ್ಟಿದ ಪ್ರಾಣಿಗೆ ಗುದ್ದು ತಾಗುವುದಿಲ್ಲ ಎಂಬ ಹಳೆಯ ನಂಬಿಕೆ ಅಲ್ಲಿಗೆ ಬಿರುಕುಬಿಟ್ಟಿತು.

ಕಣದ ಹಾನಿ ನೋಡಲು ಸೂಕ್ಷ್ಮದರ್ಶಕವೂ ಬೇಡ. ಮುರಿದ ಕೊಂಬು, ಸುರಿಯುವ ರಕ್ತ, ತೂರಾಡುವ ನಡಿಗೆ. ಕೆಲವೊಮ್ಮೆ ಕತ್ತು ಮುರಿದು ಕಣದಲ್ಲೇ ಸಾವು.

ಐವತ್ತು ರೂಪಾಯಿಯ ಶಿಕ್ಷೆ

ಕಾನೂನು ಸ್ಪಷ್ಟವಾಗಿದೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮನರಂಜನೆಗಾಗಿ ಒಂದು ಪ್ರಾಣಿಯನ್ನು ಇನ್ನೊಂದರ ಮೇಲೆ ಎತ್ತಿಕಟ್ಟುವುದು ಅಪರಾಧ. ಕಾಳಗಕ್ಕೆ ಜಾಗ ಕೊಡುವುದು, ಅದನ್ನು ಏರ್ಪಡಿಸುವುದು, ನೋಡಲು ಬಂದವರಿಂದ ಹಣ ಪಡೆಯುವುದೂ ಅಪರಾಧ. ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ 7ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಪ್ರಾಣಿಯನ್ನು ಮನುಷ್ಯನ ಮೇಲಾಗಲಿ ಇನ್ನೊಂದು ಪ್ರಾಣಿಯ ಮೇಲಾಗಲಿ ಛೂ ಬಿಡದಂತೆ ನೋಡಿಕೊಳ್ಳಿ ಎಂದು ಸರ್ಕಾರಗಳಿಗೆ ನಿರ್ದೇಶಿಸಿತ್ತು.

“ಕಂಬಳಕ್ಕೆ ಅವಕಾಶ ಅದ, ಟಗರಿಗೆ ಯಾಕಿಲ್ಲ?” ಎಂದು ಕೇಳುವವರಿದ್ದಾರೆ. ಕರ್ನಾಟಕ 2017ರಲ್ಲಿ ಮಾಡಿದ ತಿದ್ದುಪಡಿ ಕಂಬಳಕ್ಕೆ, ಎತ್ತಿನ ಓಟ–ಗಾಡಿ ಓಟಕ್ಕೆ ಸೀಮಿತ. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿದದ್ದು ಅದನ್ನೇ. ಓಟ ಬೇರೆ, ಒಂದನ್ನೊಂದು ಕಾದಾಡಿಸುವುದು ಬೇರೆ. ಟಗರಿನ ಕಾಳಗಕ್ಕೆ ಯಾವ ವಿನಾಯಿತಿಯೂ ಇಲ್ಲ. ಬಾಜಿ ಕಟ್ಟಿದರಂತೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಸೆಕ್ಷನ್‌ಗಳು ಬಾಗಿಲು ತಟ್ಟುತ್ತವೆ.

ಇಷ್ಟಿದ್ದೂ ಕಣಗಳು ನಡೆಯುತ್ತವೆ. ಕಾರಣ ಮುಂದಿನ ಬಾಕ್ಸ್‌ನಲ್ಲಿದೆ.

■ ದಂಡ ಎಷ್ಟು?
1960ರ ಕಾಯ್ದೆಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ ಅಥವಾ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಬೈಕು, ಚಿನ್ನ ಬಹುಮಾನ ಇಡುವ ಕಣಕ್ಕೆ ಇದು ಲೆಕ್ಕಕ್ಕೇ ಇಲ್ಲ. ದಂಡ ಹೆಚ್ಚಿಸುವ ಕರಡು ಮಸೂದೆಯನ್ನು ಕೇಂದ್ರ ಸರ್ಕಾರ 2022ರಲ್ಲಿ ಜನರ ಮುಂದಿಟ್ಟಿತ್ತು. ಪ್ರಾಣಿಯನ್ನು ಬೇಕೆಂದೇ ಕೊಂದರೆ ಅಥವಾ ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಐದು ವರ್ಷದವರೆಗೆ ಸೆರೆವಾಸ ಇದೆ.

ಗರಡಿಯ ಮಣ್ಣು ಹೇಳುವ ಪಾಠ

ಪಟವರ್ಧನರ ಜಮಖಂಡಿ, ಘೋರ್ಪಡೆಯವರ ಮುಧೋಳ 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೂ ಸಂಸ್ಥಾನಗಳು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಖಾಸಬಾಗ್ ಕುಸ್ತಿ ಮೈದಾನ ಕಟ್ಟಿಸಿದರು. ಆ ಗಾಳಿ ಈ ಊರುಗಳಿಗೂ ಬೀಸಿತು. ಇಂದಿಗೂ ಇಲ್ಲಿನ ಜಾತ್ರೆಯ ಕರಪತ್ರದಲ್ಲಿ ‘ಜಂಗೀ ನಿಕಾಲಿ ಕುಸ್ತಿ’ಗೆ ದೊಡ್ಡ ಅಕ್ಷರ ಮೀಸಲು. ಜೊತೆಗೆ ತೆರಬಂಡಿ, ಸಂಗ್ರಾಣಿ ಕಲ್ಲು ಎತ್ತುವುದು, ಚೀಲ ಎತ್ತುವುದು.

ಕುಸ್ತಿಗೂ ಬಹುಮಾನವಿದೆ, ಪೆಟ್ಟಿದೆ, ಸೋಲಿದೆ. ಆದರೆ ಪೈಲ್ವಾನ ತಾನೇ ಒಪ್ಪಿ ಮಣ್ಣಿಗಿಳಿಯುತ್ತಾನೆ. ಎದುರಾಳಿಯ ಕೈ ಕುಲುಕುತ್ತಾನೆ. ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಎದ್ದು, ಮಣ್ಣು ಹಣೆಗೊತ್ತಿಕೊಂಡು, ಬರುವ ವರ್ಷ ಮತ್ತೆ ಬರುತ್ತಾನೆ. ಗೆದ್ದ ಹಣವೂ ಅವನ ಕೈಗೇ ಸೇರುತ್ತದೆ. ಒಪ್ಪಿಗೆ, ನಿಯಮ, ಗಳಿಕೆ ಈ ಮೂರರಲ್ಲಿ ಒಂದೂ ಟಗರಿನ ಪಾಲಿಗಿಲ್ಲ.

ಮನುಷ್ಯರ ಆಟವನ್ನೂ ಬಾಜಿ ಬಿಟ್ಟಿಲ್ಲ ಎಂಬುದು ನಿಜ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನಲ್ಲಿ ಬೆಟ್ಟಿಂಗ್, ಫಿಕ್ಸಿಂಗ್ ಆರೋಪದ ಮೇಲೆ ಬಂಧನಗಳಾದವು. ಆ ಲೀಗ್ ಅಲ್ಲಿಗೇ ನಿಂತಿತು. ಆರೋಪ ಇದ್ದದ್ದು ಕೆಲವರ ಮೇಲೆ. ಬೆವರು ಸುರಿಸಿ ಆಡಿದ ಉಳಿದ ಹುಡುಗರ ಆಟದ ಮೇಲೂ ಅನುಮಾನದ ನೆರಳು ಬಿತ್ತು. ಬಾಜಿ ಹೊಕ್ಕಲ್ಲಿ ಬಲಕ್ಕೂ ಬೆಲೆಯಿಲ್ಲ, ಪ್ರಾಮಾಣಿಕತೆಗೂ ಬೆಲೆಯಿಲ್ಲ. ಮೊಬೈಲ್‌ನಲ್ಲಿ ಹಣ ಕಟ್ಟುವ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ್ದು ಇಂಥ ಪೆಟ್ಟುಗಳನ್ನು ಮನೆಮನೆಗಳು ತಿಂದ ಮೇಲೆಯೇ.

ಮುಧೋಳ ಒಮ್ಮೆ ದಾರಿ ತೋರಿಸಿದೆ

ಕಾಳಗ ನಿಂತರೆ ಟಗರಿನ ಗೌರವವೂ ಹೋಗುತ್ತದೆ, ತಳಿಯೂ ಅಳಿಯುತ್ತದೆ ಎಂಬ ಆತಂಕ ಸಾಕುವವರಲ್ಲಿದೆ. ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಉತ್ತರ ದೂರ ಎಲ್ಲೂ ಇಲ್ಲ, ಮುಧೋಳದಲ್ಲೇ ಇದೆ.

ಮುಧೋಳ ನಾಯಿ ಬೇಟೆಯ ನಾಯಿ. ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಬೆಳೆಸಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೂ ಉಡುಗೊರೆ ಕೊಟ್ಟರು. ಅದರ ಹೆಸರು ನಿಂತದ್ದೇ ಮೊಲವನ್ನು ಅಟ್ಟಿಸಿ ಹಿಡಿಯುವ ಓಟದ ಮೇಲೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆ ಅಪರಾಧವಾಯಿತು. ಬೇಟೆ ಹೋದ ಮೇಲೆ ಬೇಟೆ ನಾಯಿ ಯಾಕೆ ಎಂದು ಯಾರೂ ಕೈಬಿಡಲಿಲ್ಲ.

ಅಂಚೆ ಇಲಾಖೆ 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ನಡೆಸುತ್ತಿದೆ. ಭಾರತೀಯ ಸೇನೆ ಮುಧೋಳದ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. 2020ರ ಆಗಸ್ಟ್‌ನ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಅದರ ಹೆಸರೆತ್ತಿದರು. ಸಾಕಿದ ಬಡ ಕುಟುಂಬಗಳಿಗೆ ಮರಿ ಮಾರಾಟವೇ ಆದಾಯವಾಯಿತು. ರಕ್ತದ ಆಟ ನಿಂತ ಮೇಲೆ ಆ ನಾಯಿಯ ಕೀರ್ತಿ ಇಳಿಯಲಿಲ್ಲ, ದೇಶದಗಲ ಹಬ್ಬಿತು.

ಟಗರಿನ ವಿಷಯದಲ್ಲೂ ಹೊರಗಿನ ಒಂದು ಉದಾಹರಣೆಯಿದೆ. ಇಂಡೊನೇಷ್ಯದ ಪಶ್ಚಿಮ ಜಾವಾದಲ್ಲಿ ಗಾರುತ್ ಎಂಬ ಕುರಿತಳಿಗೆ ಕಾಳಗವೇ ಹೆಸರು ತಂದಿತ್ತು. ಕ್ರಮೇಣ ಅಲ್ಲಿನ ಸಾಕಣೆದಾರರು ಗುದ್ದಿನ ಸಂಖ್ಯೆಗೆ ಮಿತಿ ಹಾಕಿದರು, ನಿರ್ಣಾಯಕರನ್ನಿಟ್ಟರು, ಅಂದ–ಆರೋಗ್ಯ–ಮೈಕಟ್ಟಿಗೆ ಅಂಕ ಕೊಟ್ಟು ತಳಿ ಅಭಿವೃದ್ಧಿಯ ಮೇಳವಾಗಿ ಬದಲಿಸಿದರು. ನಮ್ಮ ಕಾನೂನು ಮಿತಿಯಿಟ್ಟ ಗುದ್ದನ್ನೂ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಅಂಕ ಕೊಡುವ ಆ ಭಾಗವನ್ನು ನಾವು ಪೂರ್ತಿಯಾಗಿ ತಂದುಕೊಳ್ಳಬಹುದು.

ಕಮಿಟಿಯವರೇ, ಇದು ನಿಮ್ಮ ಕೈಯಲ್ಲಿದೆ

ಬದಲಾವಣೆ ಬೆಂಗಳೂರಿನಿಂದ ಬರಬೇಕಿಲ್ಲ. ಜಾತ್ರಾ ಕಮಿಟಿಯ ಸಭೆಯಲ್ಲಿ ಹಿರಿಯರು ಒಂದು ಸಂಜೆ ಕುಳಿತು ತೀರ್ಮಾನಿಸಿದರೆ ಸಾಕು. ಅದೇ ಪೆಂಡಾಲು, ಅದೇ ಹಲಗಿ, ಅದೇ ಬೈಕು ಇರಲಿ. ಸ್ಪರ್ಧೆ ಮಾತ್ರ ಬದಲಾಗಲಿ.

ಹಲ್ಲಿನ ವಿಭಾಗವೂ ಹಾಗೇ ಇರಲಿ. ಪ್ರತಿ ವಿಭಾಗದಲ್ಲಿ ಅತಿ ಉತ್ತಮ ಮೈಕಟ್ಟಿನ ಟಗರು, ಅತಿ ಹೆಚ್ಚು ತೂಕದ ಟಗರು, ಶುದ್ಧ ಯಳಗ, ಶುದ್ಧ ಡೆಕ್ಕನಿ ಎಂದು ಬಹುಮಾನ ಕೊಡಿ. ತಾಲ್ಲೂಕಿನ ಪಶುವೈದ್ಯರನ್ನು ನಿರ್ಣಾಯಕರನ್ನಾಗಿ ಕರೆಯಿರಿ. ಗೆದ್ದ ಟಗರಿನ ಸಂತಾನಕ್ಕೆ ಸಂತೆಯಲ್ಲಿ ಬೇಡಿಕೆ ಬರುತ್ತದೆ. ಕಾಳಗದಲ್ಲಿ ಗೆದ್ದ ಟಗರು ಒಂದೇ ಗುದ್ದಿಗೆ ಇಲ್ಲವಾಗಬಹುದು. ಪ್ರದರ್ಶನದಲ್ಲಿ ಗೆದ್ದ ಟಗರು ವರ್ಷಗಳ ಕಾಲ ಹಿಂಡು ಬೆಳೆಸಿ ಸಾಕಿದವನ ಮನೆ ನಡೆಸುತ್ತದೆ. ಬಾಜಿದಾರನಿಗೆ ಇದರಲ್ಲಿ ಲಾಭವಿಲ್ಲ, ಕುರಿಗಾರನಿಗೆ ಇದೆ. ಕಮಿಟಿ ಯಾರ ಪರ ಎಂಬುದನ್ನು ಕರಪತ್ರದ ಆ ಒಂದು ಸಾಲೇ ಹೇಳುತ್ತದೆ.

ಪೊಲೀಸರೂ ಐವತ್ತು ರೂಪಾಯಿಯ ಸೆಕ್ಷನ್ ಎಂದು ಕೈಚೆಲ್ಲಬೇಕಿಲ್ಲ. ಜೂಜಿನ ಸೆಕ್ಷನ್‌ಗಳಿವೆ, ಪ್ರಾಣಿಯನ್ನು ಬೇಕೆಂದೇ ಕೊಂದರೆ ಅಥವಾ ಊನ ಮಾಡಿದರೆ 325ನೇ ಸೆಕ್ಷನ್ ಇದೆ. ಹಿಡಿಯಬೇಕಾದದ್ದು ಹಗ್ಗ ಹಿಡಿದ ಕುರಿಗಾಹಿ ಹುಡುಗನನ್ನಲ್ಲ, ಗುಂಪಿನ ಹಿಂದೆ ನೋಟು ಎಣಿಸುವವನನ್ನು.

ಇನ್ನು ಸಿಳ್ಳೆ ಹೊಡೆಯುವ ಹುಡುಗರು. ಟಗರಿನ ಮೇಲೆ ನಿಮಗಿರುವ ಅಭಿಮಾನ ನಿಜವಾದದ್ದು, ಅದನ್ನು ಬಿಡಬೇಡಿ. ಅದರ ಬಲ ನೋಡಿ ಹೆಮ್ಮೆಪಡಿ, ಅದರ ಹೆಸರಿನಲ್ಲಿ ಹಾಡು ಕಟ್ಟಿ. ಆದರೆ ಅಭಿಮಾನಿ ತನ್ನ ಹೀರೊವನ್ನು ಅಡವಿಡುವುದಿಲ್ಲ. ಬಾಯಿಲ್ಲದ ಜೀವ ತನ್ನ ಬಲವನ್ನು ನಂಬಿ ನಮ್ಮ ಕೈಗೆ ಕೊಟ್ಟಿದೆ. ಅದನ್ನು ಪಣಕ್ಕಿಡುವ ಹಕ್ಕು ಸಾಕಿದವರಿಗೂ ಇಲ್ಲ, ದುಡ್ಡಿದ್ದವರಿಗೂ ಇಲ್ಲ, ದೇವರ ಹೆಸರಿನಲ್ಲಿ ಸೇರಿದ ಜಾತ್ರೆಗಂತೂ ಇಲ್ಲವೇ ಇಲ್ಲ.